ಮಿಂಗೋ ಜಿಯೋಕ್ಯಾಶ್ (ಕ್ಯಾನ್ಸಸ್): 50 ನಿಮಿಷ ಹುಡುಕಿ ಬರಿಗೈಲಿ ಬಂದೆವು. ಡಬ್ಬಿ ಇನ್ನೂ ಇದೆಯಾ?

ದಾವಣಗೆರೆ_ಟು_ಡೆನ್ವರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಜಿಯೋಕ್ಯಾಶಿಂಗ್ ಹುಚ್ಚಿನವರು ಯಾರಾದರೂ ಇದ್ದೀರಾ? ನಮ್ಮದೊಂದು ಫಜೀತಿ ಕೇಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ನಾವು ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಒಳಗೆ ಚಿಕ್ಕಪುಟ್ಟ ಆಟದ ಸಾಮಾನು ಇರುತ್ತವೆ. ಬೇಕಾದರೆ ಒಂದು ತಗೊಂಡು ಇನ್ನೊಂದು ಇಡಬಹುದು. ಅಷ್ಟೇ ಆಟ.

ಮಗಳಿಗೆ 9 ವರ್ಷ, ಅವಳಿಗೆ ಇದರ ಹುಚ್ಚು. ಹೋದ ವಾರ ಡೆನ್ವರ್‌ನಿಂದ ಕ್ಯಾನ್ಸಸ್ ಸಿಟಿಗೆ ನಮ್ಮ ತಂಗಿ ಮನೆಗೆ ಹೊರಟಿದ್ದೆವು. ಐ-70 ಹೆದ್ದಾರಿಯಲ್ಲಿ ಸುಮಾರು 600 ಮೈಲಿ. ಹೋದವರಿಗೆ ಗೊತ್ತು, ತಿರುವಿಲ್ಲ, ಗುಡ್ಡವಿಲ್ಲ. ದಾರಿಯಲ್ಲಿ ಥಾಮಸ್ ಕೌಂಟಿಯಲ್ಲಿ ಮಿಂಗೋ ಅಂತ ಒಂದು ಜಾಗ. ಒಂದು ಕಾಲಕ್ಕೆ ರೈಲು ನಿಲ್ಲುತ್ತಿದ್ದ ರೈತರ ಊರು. ಈಗ ಊರು ಅನ್ನುವಷ್ಟು ಏನೂ ಇಲ್ಲವಂತೆ. ಆದರೆ ಅಲ್ಲೊಂದು ಜಿಯೋಕ್ಯಾಶ್ ಇದೆ, 2000ನೇ ಇಸವಿ ಮೇ 11ರಂದು ಇಟ್ಟಿದ್ದು. ಇಡೀ ಜಗತ್ತಿನಲ್ಲಿ ಈಗಲೂ ಚಾಲ್ತಿಯಲ್ಲಿರುವ ಅತಿ ಹಳೆಯದು ಅದೇ.

ಆ ಕಡೆ ಸಿಗ್ನಲ್ ಕೈಕೊಡಬಹುದು ಅಂತ ಹಿಂದಿನ ರಾತ್ರಿಯೇ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಮ್ಯಾಪ್‌ನಲ್ಲಿ ಟೈಪ್ ಮಾಡಿಟ್ಟಿದ್ದೆ. ಮ್ಯಾಪ್ ನಮ್ಮನ್ನು ಹೆದ್ದಾರಿಯಿಂದ ಇಳಿಸಿ ಒಂದು ಜಲ್ಲಿ ರಸ್ತೆಗೆ ಕರೆದುಕೊಂಡು ಹೋಯಿತು. ಎರಡೂ ಕಡೆ ಕೊಯ್ಲು ಮುಗಿದ ಗೋಧಿ ಹೊಲ, ಬರೀ ಕೂಳೆ. ರೈಲು ಹಳಿ ಇಲ್ಲ, ಮನೆ ಇಲ್ಲ, ಮರವೂ ಇಲ್ಲ. 50 ನಿಮಿಷ ಬೇಲಿ ಕಂಬ ಕಂಬ ತಡಕಿದೆವು. ಮಡದಿ ಹತ್ತು ನಿಮಿಷಕ್ಕೇ ಕಾರಿಗೆ ವಾಪಸ್ ಹೋಗಿ ಮೊಸರನ್ನದ ಡಬ್ಬಿ ಬಿಚ್ಚಿದಳು. ಅವತ್ತು ಸಿಕ್ಕಿದ ಡಬ್ಬಿ ಅದೊಂದೇ.

ಕೊನೆಗೆ ಪಿಕಪ್‌ನಲ್ಲಿ ಬಂದ ಒಬ್ಬ ಯಜಮಾನರು ಗಾಡಿ ಕೆಟ್ಟಿದೆಯಾ ಅಂತ ಕೇಳಿದರು. ಮಿಂಗೋ ಅಂದೆ. ಜೋರಾಗಿ ನಕ್ಕು ಕೈ ಪಶ್ಚಿಮಕ್ಕೆ ತೋರಿಸಿ ಏನೋ ಹೇಳಿದರು. ಗಾಳಿಗೆ ಒಂದು ಮಾತೂ ಕೇಳಲಿಲ್ಲ. ಸುಮ್ನೆ ತಲೆ ಆಡಿಸಿದೆ.

ಯಾರಾದರೂ ಇತ್ತೀಚೆಗೆ ಹೋಗಿದ್ದೀರಾ? ಡಬ್ಬಿ ಕಳ್ಳತನ ಆಗಿದೆಯಾ? ಭಾನುವಾರ ಅದೇ ದಾರಿಯಲ್ಲಿ ವಾಪಸ್ ಬರುತ್ತೇವೆ. ಮಗಳು ಮುಖ ಊದಿಸಿಕೊಂಡು ಕೂತಿದ್ದಾಳೆ.

ಚುರುಮುರಿ

ನಿಧಿ ಹುಡುಕಲು ಹೋಗುವಾಗ ನಿಂಬೆಹಣ್ಣು, ಅರಿಶಿನ, ಕುಂಕುಮ ಒಯ್ದಿರಲಿಲ್ವಾ? ಅವತ್ತು ಅಮಾವಾಸ್ಯೆಯಾದರೂ ಆಗಿತ್ತಾ? ಇಲ್ಲ ಅಂದ್ಮೇಲೆ ಹೇಗೆ ಸಿಗುತ್ತೆ ಹೇಳಿ.

ರೈಲುಹುಚ್ಚ

ಹಳಿಯೇ ಕಾಣಲಿಲ್ಲ ಅಂದಿರಲ್ಲ, ಅಲ್ಲೇ ಏನೋ ಎಡವಟ್ಟಿದೆ. ಯಾವ ಎಕ್ಸಿಟ್‌ನಲ್ಲಿ ಇಳಿದಿರಿ?

ದಾವಣಗೆರೆ_ಟು_ಡೆನ್ವರ್

@ರೈಲುಹುಚ್ಚ ನಂಬರ್ ನೆನಪಿಲ್ಲ ಗುರು. ಓಕ್ಲಿ ದಾಟಿ ಸ್ವಲ್ಪ ದೂರ ಹೋದ ಮೇಲೆ. ಗ್ರಿನೆಲ್ ಅಂತ ಬೋರ್ಡ್ ಇತ್ತು.

ತರ್ಲೆ_ತಿಮ್ಮ

ಅರ್ಥ ಆಗಲಿಲ್ಲ. ಯಾರೋ ಇಟ್ಟ ಪ್ಲಾಸ್ಟಿಕ್ ಡಬ್ಬಿ ಹುಡುಕಲು ಪೆಟ್ರೋಲ್ ಸುಟ್ಟು, ಹೆಸರು ಬರೆದು, ಅಲ್ಲೇ ಇಟ್ಟು ಬರೋದು. ಇದಕ್ಕೆ ಇಂಗ್ಲಿಷ್‌ನಲ್ಲಿ ಚೆಂದದ ಹೆಸರು ಬೇರೆ. ನಮ್ಮೂರಲ್ಲಿ ಕೆಲಸ ಇಲ್ಲದವರಿಗೆ ಬೇರೆ ಹೆಸರಿತ್ತು.

ಇನ್ನೊಂದು, ಮೊದಲ ಜಿಯೋಕ್ಯಾಶ್ ಇಟ್ಟಿದ್ದು ಒರೆಗಾನ್‌ನಲ್ಲಿ. ಮಿಂಗೋ ಹೇಗೆ ಅತಿ ಹಳೆಯದಾಗುತ್ತೆ?

ಸೀಮಕ್ಕ_ಸಿಯಾಟಲ್

ಒಂದೊಂದಾಗಿ ಬರ್ತೀನಿ.

ತಿಮ್ಮಣ್ಣ, ಮೊದಲನೆಯದು ಒರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ, ನಿಜ. 2000ದ ಮೇ 3ರಂದು ಡೇವ್ ಉಲ್ಮರ್ ಒಂದು ಕಪ್ಪು ಬಕೆಟ್ ಇಟ್ಟರು. ಅದರಲ್ಲಿ ಒಂದು ಬೀನ್ಸ್ ಕಾಳಿನ ಡಬ್ಬಿಯೂ ಇತ್ತು. ಆದರೆ ಆ ಬಕೆಟ್ ಈಗಿಲ್ಲ. ಆ ಜಾಗದಲ್ಲಿ ನೆನಪಿಗೆ ಒಂದು ಫಲಕ ಇದೆ. ಅದಾಗಿ ಎಂಟೇ ದಿನಕ್ಕೆ ಇಟ್ಟ ಮಿಂಗೋ ಇವತ್ತಿಗೂ ಇದೆ. ಮೊದಲನೆಯದು ಬೇರೆ, ಉಳಿದವುಗಳಲ್ಲಿ ಹಳೆಯದು ಬೇರೆ. ಜಗಳ ಮುಗೀತಾ?

ಎಲ್ಲ ಮೇ ತಿಂಗಳಲ್ಲೇ ಯಾಕೆ ಶುರುವಾಯ್ತು ಅಂದರೆ, ಅಲ್ಲಿಯವರೆಗೆ ಅಮೆರಿಕದ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ 1ರ ರಾತ್ರಿ ಕ್ಲಿಂಟನ್ ಸರ್ಕಾರ ಅದನ್ನು ನಿಲ್ಲಿಸಿತು. ರಾತ್ರಿ ಬೆಳಗಾಗುವುದರಲ್ಲಿ ಎಲ್ಲರ ಕೈಯಲ್ಲಿದ್ದ ಯಂತ್ರ ಚುರುಕಾಯಿತು. ಇನ್ನು ಬಚ್ಚಿಟ್ಟರೆ ಹುಡುಕಬಹುದು ಅಂತ ಮೂರನೇ ತಾರೀಕಿಗೇ ಆಟ ಶುರು.

ಈಗ ದಾವಣಗೆರೆ ಅಣ್ಣನ ವಿಷಯ. ಡಬ್ಬಿ ಕಳವಾಗಿಲ್ಲ. ನೀವೇ ಕಳೆದುಹೋಗಿದ್ದೀರಿ. ಮಿಂಗೋಗೆ ಎಕ್ಸಿಟ್ 62. ನೀವು ಡೆನ್ವರ್ ಕಡೆಯಿಂದ ಬಂದವರು, ಓಕ್ಲಿಗಿಂತ ಮುಂಚೆಯೇ ಅದನ್ನು ದಾಟಿ ಹೋಗಿದ್ದೀರಿ. ಪಿಕಪ್ ಯಜಮಾನರು ಪಶ್ಚಿಮಕ್ಕೆ ಕೈ ತೋರಿಸಿದ್ದು ಅದಕ್ಕೇ. ಚೀಟಿಯಲ್ಲಿ ಅಂಕಿ ಹೇಗೆ ಬರೆದುಕೊಂಡಿರಿ, ಟೈಪ್ ಹೇಗೆ ಮಾಡಿದಿರಿ? ಪೂರ್ತಿ ಅಂಕಿ ಇಲ್ಲಿ ಹಾಕಬೇಡಿ, ಕ್ರಮ ಮಾತ್ರ ಹೇಳಿ.

ದಾವಣಗೆರೆ_ಟು_ಡೆನ್ವರ್

@ಸೀಮಕ್ಕ_ಸಿಯಾಟಲ್ ಅಕ್ಕಾ, ಉತ್ತರ 39 ಡಿಗ್ರಿ, ಆಮೇಲೆ 16 ಚುಕ್ಕೆ ಏನೋ ಮೂರಂಕಿ. ಟೈಪ್ ಮಾಡುವಾಗ ಡಿಗ್ರಿ ಗುರುತು ಕೀಬೋರ್ಡಲ್ಲಿ ಸಿಗಲಿಲ್ಲ. 39 ಚುಕ್ಕೆ 16 ಅಂತ ಮುಂದುವರಿಸಿದೆ.

ಸೀಮಕ್ಕ_ಸಿಯಾಟಲ್

ಅದೇ ಅಂದ್ಕೊಂಡೆ! ಹೊಸಬರಲ್ಲಿ ಮುಕ್ಕಾಲು ಮಂದಿ ಬೀಳುವ ಹಳ್ಳ ಇದು.

ಜಿಯೋಕ್ಯಾಶ್‌ನವರು ಡಿಗ್ರಿ, ಆಮೇಲೆ ಮಿನಿಟು, ಮಿನಿಟಿಗೆ ಚುಕ್ಕೆ ಹಾಕಿ ಬರೆಯುತ್ತಾರೆ. ಒಂದು ಡಿಗ್ರಿಗೆ 60 ಮಿನಿಟು. 39 ಡಿಗ್ರಿ 16.5 ಮಿನಿಟು ಅಂದರೆ 39.165 ಅಲ್ಲ. 16.5ನ್ನು 60ರಿಂದ ಭಾಗಿಸಬೇಕು, 0.275 ಬರುತ್ತೆ. ಆದ್ದರಿಂದ 39.275. ಗಂಟೆ ಲೆಕ್ಕದ ತರಹ. ಎರಡೂವರೆ ಗಂಟೆಯನ್ನು 2.30 ಅಂತ ಬರೀತೀವಿ, ದಶಮಾಂಶದಲ್ಲಿ ಅದು 2.5 ಅಲ್ವಾ?

ಎಲ್ಲರಿಗೂ ಗೊತ್ತಿರುವ ಬೀವರ್‌ಕ್ರೀಕ್ ಅಂಕಿ ಹಿಡಿದು ತೋರಿಸ್ತೀನಿ. ಉತ್ತರ 45 ಡಿಗ್ರಿ 17.460, ಪಶ್ಚಿಮ 122 ಡಿಗ್ರಿ 24.800. ಸರಿಯಾಗಿ ಬದಲಿಸಿದರೆ 45.2910 ಮತ್ತು 122.4133. ನಿಮ್ಮ ತರಹ ಟೈಪ್ ಮಾಡಿದರೆ 45.1746 ಮತ್ತು 122.2480. ಎರಡರ ನಡುವೆ ಸುಮಾರು 18 ಕಿ.ಮೀ.! ಮಿಂಗೋ ವಿಷಯದಲ್ಲಿ ರೇಖಾಂಶದ ಮಿನಿಟು 50ರ ಮೇಲಿದೆ, ಆದ್ದರಿಂದ ತಪ್ಪು ಇನ್ನೂ ದೊಡ್ಡದು. 30 ಕಿ.ಮೀ.ಗೂ ಜಾಸ್ತಿ ಪೂರ್ವಕ್ಕೆ ಹೋಗಿದ್ದೀರಿ. ಗ್ರಿನೆಲ್ ಹತ್ತಿರದ ಯಾರದೋ ಗೋಧಿ ಹೊಲ. ಆ ಯಜಮಾನರದ್ದೇ ಇರಬಹುದು.

ದಾವಣಗೆರೆ_ಟು_ಡೆನ್ವರ್

ಅಯ್ಯೋ ದೇವರೇ. ನಾನು ಸಾಫ್ಟ್‌ವೇರ್‌ನಲ್ಲಿ 14 ವರ್ಷದಿಂದ ಇದ್ದೀನಿ. ದಯವಿಟ್ಟು ಯಾರೂ ನಮ್ಮ ಮನೆಯವಳಿಗೆ ಈ ಪೋಸ್ಟ್ ಕಳಿಸಬೇಡಿ.

ಚುರುಮುರಿ

ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿದ್ದೀರಲ್ಲ, ಪುಣ್ಯ. ಇಲ್ಲದಿದ್ದರೆ ಚೀನಾದಲ್ಲಿ ಇಳೀತಿದ್ರಿ.

ಕುಡ್ಲದ_ಬಂಗುಡೆ

ಮಾರಾಯ್ರೆ, ಒಂದು ಚುಕ್ಕೆ ಎಲ್ಲಿಡಬೇಕು ಅಂತ ಗೊತ್ತಿಲ್ಲದೆ ಹೆಂಡತಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ್ದೀರಿ ನೀವು. ನನಗೂ ಒಮ್ಮೆ ಆಗಿದೆ, ಅದಕ್ಕೇ ನಗ್ತಿಲ್ಲ. ನಂದು ಟೆಕ್ಸಾಸ್‌ನಲ್ಲಿ, ಒಂದು ದನದ ಹಟ್ಟಿಯ ಹಿಂದೆ.

ತರ್ಲೆ_ತಿಮ್ಮ

ಸರಿ, ಹಳೆಯದು ಅಂತ ಒಪ್ಪಿದೆ. ಆದರೂ ಏನೂ ಇಲ್ಲದ ಊರಲ್ಲಿ ಯಾಕೆ ಇಡಬೇಕು? ನೋಡೋಕೆ ಒಂದು ಜಲಪಾತ, ಕೋಟೆ, ದೇವಸ್ಥಾನ ಏನಾದರೂ ಇರಬೇಡವಾ?

ಹಗೇವು

@ತರ್ಲೆ_ತಿಮ್ಮ ಆ ಜಾಗದ ಗಮ್ಮತ್ತೇ ಅದು ತಿಮ್ಮಣ್ಣ. ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಬಂದು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದವನು. ಊರಿನ ಹೆಸರು ಮ್ಯಾನ್‌ಹ್ಯಾಟನ್. ಅವ್ವ ಇವತ್ತಿಗೂ ನಾನು ನ್ಯೂಯಾರ್ಕಿನಲ್ಲಿದ್ದೆ ಅಂತಲೇ ಎಲ್ಲರಿಗೂ ಹೇಳುತ್ತಾಳೆ, ನಾನೂ ತಿದ್ದಿಲ್ಲ.

ಆ ಕಡೆ ಓಡಾಡಿದ್ದೀನಿ, ಗೊತ್ತಿರುವಷ್ಟು ಹೇಳ್ತೀನಿ. ಕ್ಯಾನ್ಸಸ್ ಸಿಟಿಯಿಂದ ಡೆನ್ವರ್‌ಗೆ ರೈಲು ದಾರಿ ಪೂರ್ತಿಯಾಗಿದ್ದು 1870ರಲ್ಲಿ. ಓಕ್ಲಿ ಆ ಮುಖ್ಯ ದಾರಿಯಲ್ಲಿದೆ. ಅಲ್ಲಿಂದ ಕೋಲ್ಬಿಗೆ 1880ರ ದಶಕದಲ್ಲಿ ಒಂದು ಕವಲು ದಾರಿ ಹಾಕಿದರು. ಮಿಂಗೋ ಆ ಕವಲಿನ ಮೇಲಿನ ನಿಲ್ದಾಣ.

ಅಲ್ಲಿ ಊರು ಮೊದಲು, ರೈಲು ಆಮೇಲೆ ಅಂತ ಅಲ್ಲ. ಉಲ್ಟಾ. ರೈಲು ಮೊದಲು ಬಂತು, ಊರು ಆಮೇಲೆ ಹುಟ್ಟಿತು. ನಿಲ್ದಾಣಗಳನ್ನು ಏಳೆಂಟು ಹತ್ತು ಮೈಲಿಗೊಂದರಂತೆ ಇಟ್ಟರು. ಯಾಕೆ ಅಂದರೆ ರೈತ ಕುದುರೆ ಗಾಡಿಯಲ್ಲಿ ಗೋಧಿ ತುಂಬಿಕೊಂಡು ಬೆಳಿಗ್ಗೆ ಹೊರಟು, ಮಾರಿ, ಕತ್ತಲಾಗುವುದರೊಳಗೆ ಮನೆ ಸೇರಬೇಕು. ಉಗಿ ಬಂಡಿಗೂ ಆಗಾಗ ನೀರು ಬೇಕು. ಅಂದರೆ ಎರಡು ಊರಿನ ನಡುವಿನ ದೂರವನ್ನು ತೀರ್ಮಾನ ಮಾಡಿದ್ದು ಕುದುರೆಯ ಕಾಲು.

ಜನ ಬಂದಿದ್ದು ಭೂಮಿಗಾಗಿ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ ನಿಮ್ಮದು. ರೈಲು ಕಂಪನಿಗಳಿಗೂ ಸರ್ಕಾರ ಹಳಿಯ ಇಕ್ಕೆಲದಲ್ಲಿ ಚದುರಂಗದ ಮನೆಯ ಹಾಗೆ ಒಂದು ಬಿಟ್ಟು ಒಂದು ಚೌಕ ಜಮೀನು ಕೊಟ್ಟಿತ್ತು. ಅವರು ಅದನ್ನು ಮಾರಿದರು. ಜನ ನೆಲೆ ನಿಂತರೆ ತಾನೇ ಗೋಧಿ ಬೆಳೆಯೋದು, ಗೋಧಿ ಬೆಳೆದರೆ ತಾನೇ ಗಾಡಿ ತುಂಬೋದು.

ರೈಲುಹುಚ್ಚ

@ಹಗೇವು ಸಾರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಊರಿನ ಹೆಸರನ್ನೂ ಎಷ್ಟೋ ಕಡೆ ರೈಲು ಕಂಪನಿಯವರೇ ಇಟ್ಟಿದ್ದು. ಪಕ್ಕದ ನೆಬ್ರಾಸ್ಕಾದಲ್ಲಿ ಒಂದು ದಾರಿ ಇದೆ, ಇಂಗ್ಲಿಷ್ ವರ್ಣಮಾಲೆ ಕ್ರಮದಲ್ಲೇ ಊರು ಬರುತ್ತವೆ. ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್... ಮಕ್ಕಳಿಗೆ ಹೆಸರಿಡೋಕೆ ನಾವು ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೆ, ಅವರು ಊರಿಗೆ ಸಾಲಾಗಿ ಇಟ್ಟುಕೊಂಡು ಹೋದರು.

ಗಡಿಯಾರವೂ ರೈಲಿನವರದ್ದೇ. ಅಮೆರಿಕದಲ್ಲಿ ಒಂದೊಂದು ಊರಿಗೂ ಒಂದೊಂದು ಸಮಯ ಇತ್ತು. 1883ರ ನವೆಂಬರ್ 18ರಂದು ರೈಲು ಕಂಪನಿಗಳು ದೇಶವನ್ನು ಸಮಯ ವಲಯಗಳಾಗಿ ಹಂಚಿಕೊಂಡವು. ಕಾನೂನು ಬಂದಿದ್ದು 1918ರಲ್ಲಿ, ಅಂದರೆ 35 ವರ್ಷ ಆದ ಮೇಲೆ!

ದಾವಣಗೆರೆ_ಟು_ಡೆನ್ವರ್

ಓ, ಅದಕ್ಕೇ ಕೋಲ್ಬಿ ಬರುವ ಮುಂಚೆ ಫೋನ್ ತಾನಾಗಿ ಒಂದು ಗಂಟೆ ಮುಂದೆ ಹೋಯಿತು. ಮಗಳು ಹಸಿವು ಅಂದಳು, ಇನ್ನೂ ಹನ್ನೊಂದು ಗಂಟೆ ಅಂದೆ, ನೋಡಿದರೆ ಹನ್ನೆರಡಾಗಿತ್ತು.

ಕುಡ್ಲದ_ಬಂಗುಡೆ

ಕ್ಯಾನ್ಸಸ್‌ನಲ್ಲಿ ಪಶ್ಚಿಮದ ನಾಲ್ಕೇ ಕೌಂಟಿ ಮಾತ್ರ ಮೌಂಟನ್ ಸಮಯ. ಉಳಿದದ್ದೆಲ್ಲ ಸೆಂಟ್ರಲ್, ಒಂದು ಗಂಟೆ ಮುಂದೆ. ಆ ಮೌಂಟನ್ ಕಡೆಯ ಗುಡ್‌ಲ್ಯಾಂಡ್‌ನಲ್ಲಿ ಊಟ ಮಾಡಿ ಹೊರಟರೆ ಕೋಲ್ಬಿಯಲ್ಲಿ ಕಾಫಿ ಹೊತ್ತು. ಗುಡ್‌ಲ್ಯಾಂಡ್‌ನಲ್ಲಿ ವಾನ್ ಗೋನ ಸೂರ್ಯಕಾಂತಿ ಚಿತ್ರ ಒಂದು ದೈತ್ಯ ಸ್ಟ್ಯಾಂಡ್ ಮೇಲೆ ಇದೆ, ಅದನ್ನು ನೋಡಿದ್ರಾ?

ತರ್ಲೆ_ತಿಮ್ಮ

ಮತ್ತೆ ಅಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ಊರು ಹಾಳಾಗಿದ್ದು ಹೇಗೆ? 1930ರ ಧೂಳಿನ ಬಿರುಗಾಳಿ ತಾನೇ? ಅದೊಂದು ಗೊತ್ತು ನನಗೆ.

ಹಗೇವು

ಅರ್ಧ ಸರಿ. ಧೂಳು ಬಡಿದಿದ್ದು ನಿಜ. 1935ರ ಏಪ್ರಿಲ್ 14ರ ಕಪ್ಪು ಭಾನುವಾರದ ಬಗ್ಗೆ ಅಲ್ಲಿನ ಮುದುಕರು ಈಗಲೂ ತಮ್ಮ ಅಪ್ಪ ಅಮ್ಮ ಹೇಳಿದ್ದನ್ನು ಹೇಳುತ್ತಾರೆ, ಮಧ್ಯಾಹ್ನ ಕೈ ಕಾಣುತ್ತಿರಲಿಲ್ಲವಂತೆ. ಆದರೆ ಅದಕ್ಕೂ ಮುಂಚೆ 1890ರ ದಶಕದ ಬರದಲ್ಲೇ ಪಶ್ಚಿಮ ಕ್ಯಾನ್ಸಸ್‌ನಿಂದ ಜನ ಗಂಟುಮೂಟೆ ಕಟ್ಟಿದ್ದರು. ಆಮೇಲೆ ಮಳೆ ಬಂತು, ಜನವೂ ಮತ್ತೆ ಬಂದರು.

ಇಂಥ ಊರುಗಳನ್ನು ನಿಜವಾಗಿ ಖಾಲಿ ಮಾಡಿದ್ದು ಲಾರಿ ಮತ್ತು ಕಂಬೈನ್ ಅನ್ನುವ ಕೊಯ್ಲು ಯಂತ್ರ. ಕುದುರೆ ಗಾಡಿಗೆ ಹತ್ತು ಮೈಲಿ ಅಂದರೆ ಒಂದು ದಿನ. ಲಾರಿಗೆ ಕಾಲು ಗಂಟೆ. ಹತ್ತಿರದ ಸಣ್ಣ ಊರಿಗೆ ಯಾಕೆ ಹೋಗಬೇಕು, ಕೋಲ್ಬಿಗೇ ಹೋದರಾಯ್ತು. ಇನ್ನು 160 ಎಕರೆ ಒಣಬೇಸಾಯ ಆ ಸೀಮೆಯಲ್ಲಿ ಒಂದು ಸಂಸಾರಕ್ಕೆ ಸಾಲದು. ಒಬ್ಬ ಬಿಟ್ಟುಹೋದ, ಪಕ್ಕದವನು ಕೊಂಡ. ನಾನು ನೋಡಿದ ರೈತರೊಬ್ಬರು ಅಪ್ಪ ಮಗ ಇಬ್ಬರೇ ಸಾವಿರಾರು ಎಕರೆ ಮಾಡುತ್ತಿದ್ದರು. ಹಿಂದೆ ಅದೇ ಜಮೀನಿನಲ್ಲಿ ಹದಿನೈದು ಇಪ್ಪತ್ತು ಮನೆ ಇದ್ದವು ಅಂತ ಕೈ ಎತ್ತಿ ದಿಕ್ಕು ದಿಕ್ಕಿಗೆ ತೋರಿಸಿದರು. ನನಗೆ ಕಂಡಿದ್ದು ಒಂದು ಗಾಳಿಯಂತ್ರದ ಕಂಬ, ಎರಡು ಒಣಗಿದ ಮರ. ಮನೆ ಹೋದರೆ ಮಕ್ಕಳಿಲ್ಲ, ಮಕ್ಕಳಿಲ್ಲದಿದ್ದರೆ ಶಾಲೆ ಇಲ್ಲ, ಶಾಲೆ ಮುಚ್ಚಿದರೆ ಅಂಗಡಿ, ಅಂಚೆ ಎಲ್ಲ ಒಂದರ ಹಿಂದೆ ಒಂದು.

ಭೂಮಿ ಬಂಜರಾಗಲಿಲ್ಲ, ಅದನ್ನು ಮರೀಬೇಡಿ. ಗೋಧಿ ಮೊದಲಿಗಿಂತ ಜಾಸ್ತಿಯೇ ಬರುತ್ತೆ. ಜನ ಬೇಕಾಗಿಲ್ಲ ಅಷ್ಟೇ.

ರೈಲುಹುಚ್ಚ

ಕೊನೆಗೆ ರೈಲಿನವರೂ ಕೈಬಿಟ್ಟರು. 1980ರ ಸ್ಟ್ಯಾಗರ್ಸ್ ಕಾಯ್ದೆ ಬಂದ ಮೇಲೆ ಲಾಭವಿಲ್ಲದ ಕವಲು ದಾರಿ ಮುಚ್ಚುವುದು ಕಂಪನಿಗಳಿಗೆ ಸಲೀಸಾಯಿತು. ದೇಶದ ಎಷ್ಟೋ ಕಡೆ ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಆ ದಾರಿಗಳ ತುಂಬ ಜಿಯೋಕ್ಯಾಶ್, ಅದು ಬೇರೆ ಮಾತು.

ಬೆಳಗಾವಿ_ಕುಂದಾ

ಹಗೇವು ಅನ್ನೋ ಹೆಸರು ನೋಡಿ ಖುಷಿ ಆತು. ನಮ್ಮ ಅಜ್ಜನ ಮನೆ ಮುಂದೆ ಎರಡು ಇದ್ದವು. ಜೋಳ ತೆಗೆಯಲು ಒಳಗೆ ಇಳಿಯುವ ಮುಂಚೆ ಕಂದೀಲು ಇಳಿಬಿಡುತ್ತಿದ್ದರು, ಆರಿದರೆ ಯಾರೂ ಇಳಿಯಬಾರದು. ಅಮೆರಿಕದಲ್ಲಿ ಕುಳಿತು ಈ ಹೆಸರು ಯಾಕೆ ಇಟ್ಟುಕೊಂಡಿರಿ?

ಹಗೇವು

@ಬೆಳಗಾವಿ_ಕುಂದಾ ಅದೇ ಕ್ಯಾನ್ಸಸ್‌ನಿಂದಾಗಿ ರೀ. ಮೊದಲ ಸಲ ಗ್ರೇನ್ ಎಲಿವೇಟರ್ ನೋಡಿದಾಗ ನಗು ಬಂತು. ನಾವು ಕಾಳು ಕಾಯಲು ನೆಲ ಅಗೆದು ಹಗೇವು ಮಾಡಿದೆವು, ಇವರು ಅದೇ ಕಾಳಿಗೆ ಆಕಾಶಕ್ಕೆ ಕಾಂಕ್ರೀಟ್ ಕೊಳವೆ ಎತ್ತಿದ್ದಾರೆ. ಹತ್ತು ಹನ್ನೆರಡು ಮೈಲಿ ದೂರದಿಂದಲೇ ಕಾಣುತ್ತವೆ. ಊರು ಕಾಣುವ ಮುಂಚೆ ಅದು ಕಾಣುತ್ತೆ, ನಮ್ಮಲ್ಲಿ ಗೋಪುರ ಕಾಣುವ ಹಾಗೆ.

ನೀವು ಹೇಳಿದ ಕಂದೀಲಿನ ಮಾತು ಅಲ್ಲೂ ಅಷ್ಟೇ ನಿಜ. ಎಲಿವೇಟರ್ ಒಳಗೆ ಕಾಳಿನಲ್ಲಿ ಹೂತುಹೋಗಿ ಸಾಯುವವರಿದ್ದಾರೆ, ಧೂಳಿಗೆ ಕಿಡಿ ತಾಗಿ ಸ್ಫೋಟವೂ ಆಗುತ್ತೆ. ಕಾಳಿನ ಕಣಜ ಎಲ್ಲೇ ಇರಲಿ, ಹುಷಾರು ಬೇಕು.

ಬೆಳಗಾವಿ_ಕುಂದಾ

ಅಲ್ಲಿನ ಗೋಧಿಯಲ್ಲಿ ಹುಗ್ಗಿ ಆಗ್ತದೇನ್ರೀ?

ಹಗೇವು

ಆಗಲ್ಲ. ಅದು ಬ್ರೆಡ್ ಮಾಡುವ ಗೋಧಿ. 1870ರ ದಶಕದಲ್ಲಿ ರಷ್ಯಾದಿಂದ ಬಂದ ಮೆನ್ನೊನೈಟ್ ಅನ್ನುವ ಕ್ರೈಸ್ತ ಪಂಥದ ಜನ ತಂದ ಟರ್ಕಿ ರೆಡ್ ತಳಿಯಿಂದ ಬೆಳೆದು ಬಂದದ್ದು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಿತ್ತಿದರೆ ಹಿಮದಡಿ ಮಲಗಿ ಜೂನ್ ಜುಲೈಗೆ ಕೊಯ್ಲು. ಹುಗ್ಗಿಗೆ ನಮ್ಮ ಜವೆ ಗೋಧಿಯೇ ಆಗಬೇಕು. ಪ್ರಯತ್ನ ಮಾಡಿ ಒಂದು ಪಾತ್ರೆ ಅಂಟು ಮಾಡಿಕೊಂಡವನು ನಾನು.

ನಿರ್ವಾಹಕ

ಒಂದು ಉತ್ತರ ತೆಗೆದಿದ್ದೇನೆ. ಡಬ್ಬಿ ಯಾವ ಕಡೆ, ಯಾವುದರ ಪಕ್ಕ ಅಂತ ಯಾರೂ ಬರೆಯಬೇಡಿ. ಹುಡುಕಲು ಹೋಗುವ ಮಕ್ಕಳೂ ಇದನ್ನು ಓದುತ್ತಿರಬಹುದು. ಹುಗ್ಗಿ ಚರ್ಚೆಗೆ ಬೇರೆ ಎಳೆ ಇದೆ.

ಯಲಹಂಕ_ಹುಡುಗ

ಇದೆಲ್ಲ ಓದಿ ನನಗೂ ಆಸೆ ಆಗ್ತಿದೆ. ಬೆಂಗಳೂರಲ್ಲಿ ಜಿಯೋಕ್ಯಾಶ್ ಇವೆಯಾ? ಇಲ್ಲದಿದ್ದರೆ ನಾನೇ ಒಂದು ನಂದಿ ಹಾಲ್ಟ್ ನಿಲ್ದಾಣದಲ್ಲಿ ಇಡೋಣ ಅಂತಿದ್ದೀನಿ. ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ಹಳೇ ನಿಲ್ದಾಣ. ಒಂದು ಕಾಲದಲ್ಲಿ ಅಲ್ಲಿ ನ್ಯಾರೋಗೇಜ್ ಓಡುತ್ತಿತ್ತು. ಪಾಳು ಬಿದ್ದಿದ್ದನ್ನು ಹಳೇ ಕಟ್ಟಡ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಸೇರಿ ದುರಸ್ತಿ ಮಾಡಿಸಿದ್ದಾರೆ. ರೈತರ ಊರು, ರೈಲು, ಎಲ್ಲ ಹೊಂದುತ್ತೆ ಅಲ್ವಾ?

ಸೀಮಕ್ಕ_ಸಿಯಾಟಲ್

ಬೆಂಗಳೂರಲ್ಲಿ ಕೆಲವು ಇವೆ ಮಗಾ. ಆಪ್‌ನಲ್ಲಿ ನೋಡು.

ಆದರೆ ನಿಲ್ದಾಣದಲ್ಲಿ ಬೇಡವೇ ಬೇಡ. ಓಡುವ ರೈಲು ಹಳಿಯ ಹತ್ತಿರ ಇಡಬಾರದು ಅಂತ ಆಟದ ನಿಯಮವೇ ಇದೆ. ಜಾಗದವರ ಒಪ್ಪಿಗೆ ಬೇಕು. ನೆಲ ಅಗೆದು ಹೂಳಬಾರದು. ಇನ್ನೊಂದು ಕ್ಯಾಶ್‌ನಿಂದ 161 ಮೀಟರ್ ದೂರ ಇರಬೇಕು. ಪ್ರವಾಸಕ್ಕೆ ಹೋದ ಕಡೆ ಇಟ್ಟು ಓಡಿ ಬರುವ ಹಾಗಿಲ್ಲ. ಒದ್ದೆಯಾದರೆ, ಒಡೆದರೆ ಹೋಗಿ ನೋಡಿಕೊಳ್ಳಬೇಕು.

ಚುರುಮುರಿ

'ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ' ಅಂತ ದಿನಕ್ಕೆ ನೂರು ಸಲ ಕೂಗುವ ಜಾಗದಲ್ಲಿ, ಟೇಪ್ ಸುತ್ತಿದ ಡಬ್ಬಿ ಬಚ್ಚಿಡುವ ಯೋಜನೆ! ಗುರುವೇ, ನಿಮ್ಮ ಧೈರ್ಯಕ್ಕೆ ದೊಡ್ಡ ನಮಸ್ಕಾರ.

ಸೀಮಕ್ಕ_ಸಿಯಾಟಲ್

ನಗೋ ಮಾತಲ್ಲ. ಇಂಗ್ಲೆಂಡಿನ ವೆದರ್‌ಬಿಯಲ್ಲಿ 2011ರಲ್ಲಿ ಒಂದು ಜಿಯೋಕ್ಯಾಶನ್ನು ಬಾಂಬ್ ಅಂತ ತಿಳಿದು ಸೈನ್ಯದವರು ಬಂದು ಸಿಡಿಸಿದರು. ಡಬ್ಬಿಯ ಮೇಲೆ ಇದು ಏನು ಅಂತ ದೊಡ್ಡದಾಗಿ ಬರೆಯಬೇಕು. ನಮ್ಮಲ್ಲಾದರೆ ಕನ್ನಡದಲ್ಲೂ ಬರೀಬೇಕು.

ತರ್ಲೆ_ತಿಮ್ಮ

ಕನ್ನಡದಲ್ಲಿ ಏನಂತ ಬರೀತೀರಿ? 'ಇದು ನಿಧಿ, ದಯವಿಟ್ಟು ಮುಟ್ಟಬೇಡಿ' ಅಂತಲಾ? ಮಾರನೇ ದಿನ ಬೆಳಿಗ್ಗೆ ಅಲ್ಲಿ ಹತ್ತಡಿ ಗುಂಡಿ ಇರುತ್ತೆ. ಹಂಪಿ ಕಡೆ ಕೇಳಿ ನೋಡಿ, ನಿಧಿಗಳ್ಳರು ನಂದಿಯನ್ನೇ ಒಡೆದು ನೋಡಿದ್ದಾರೆ.

ಬೆಳಗಾವಿ_ಕುಂದಾ

'ಹುಡುಕು ಡಬ್ಬಿ' ಅನ್ನಿ. ಸಾಕು.

ಕುಡ್ಲದ_ಬಂಗುಡೆ

ಹುಡುಕು ಡಬ್ಬಿ ಒಳ್ಳೇದುಂಟು. ಹಾಗಾದ್ರೆ ಈ ಆಟ ಗೊತ್ತಿಲ್ಲದವರಿಗೆ ಇವರು ಮಗಲ್ ಅನ್ನುತ್ತಾರಲ್ಲ, ಅವರಿಗೆ ಕನ್ನಡದಲ್ಲಿ ಏನು? ತಿಮ್ಮಣ್ಣ ಅಂತಲೇ ಕರೆಯಬಹುದು.

ತರ್ಲೆ_ತಿಮ್ಮ

ನೋಡ್ಕೋತೀನಿ ನಿನ್ನ.

ಯಲಹಂಕ_ಹುಡುಗ

ಸರಿ, ನಿಲ್ದಾಣ ಬಿಟ್ಟೆ. ಅಮೆರಿಕದಿಂದ ಬರುವ ಭಾವ ಒಂದು ಜಿಪಿಎಸ್ ಯಂತ್ರ ತರ್ತೀನಿ ಅಂದಿದ್ದಾರೆ. ತರಿಸಲಾ?

ಸೀಮಕ್ಕ_ಸಿಯಾಟಲ್

ಫೋನೇ ಸಾಕಪ್ಪ. ಮುಖ್ಯವಾಗಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ತರಹದ್ದು ತರಬೇಡಿ ಅಂತ ಹೇಳು. ಅನುಮತಿ ಇಲ್ಲದೆ ಭಾರತಕ್ಕೆ ತಂದರೆ ವಿಮಾನ ನಿಲ್ದಾಣದಲ್ಲೇ ಹಿಡೀತಾರೆ. ಚಾರಣಕ್ಕೆ ಬಂದ ವಿದೇಶಿಯರು ಇದರಲ್ಲಿ ಸಿಕ್ಕಿಬಿದ್ದಿದ್ದಾರೆ.

ರೈಲುಹುಚ್ಚ

ವೆಬ್‌ಸೈಟಿನಲ್ಲಿ ಪ್ರತಿ ಡಬ್ಬಿಗೂ ಒಂದು ಕೋಡ್ ಇರುತ್ತೆ. ಮಿಂಗೋದ ಕೋಡ್ ಗಮನಿಸಿದ್ದೀರಾ? ಜಿಸಿ30. ಆ ಕಾಲದ ಕೋಡ್‌ಗಳು ಹೆಕ್ಸಾಡೆಸಿಮಲ್, ಹತ್ತರ ಬದಲು ಹದಿನಾರರ ಲೆಕ್ಕ. ಅಂದರೆ 30 ಅಲ್ಲ, 48. 2000ದ ಸೆಪ್ಟೆಂಬರ್‌ನಲ್ಲಿ ವೆಬ್‌ಸೈಟ್ ಶುರುವಾದಾಗ ಇಡೀ ಜಗತ್ತಿನಲ್ಲಿ ಇದ್ದದ್ದು 75 ಡಬ್ಬಿ. ಈಗ 30 ಲಕ್ಷದ ಮೇಲೆ.

ಚುರುಮುರಿ

ಅಂಕಿಯಲ್ಲಿ ದಾವಣಗೆರೆಯವರನ್ನು ಮತ್ತೆ ಗೊಂದಲ ಮಾಡಬೇಡಿ. ಎಕ್ಸಿಟ್ 62ನ್ನೂ ಹೆಕ್ಸಾಡೆಸಿಮಲ್ ಅಂದ್ಕೊಂಡು ಎಕ್ಸಿಟ್ 98ಕ್ಕೆ ಹೋಗ್ತಾರೆ.

ದಾವಣಗೆರೆ_ಟು_ಡೆನ್ವರ್

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಇವತ್ತು ಮಧ್ಯಾಹ್ನ. ಈಗ ಮನೆ ಸೇರಿ ಬರೀತಿದ್ದೀನಿ. ಸೀಮಕ್ಕ ತಪ್ಪು ತೋರಿಸಿದ ಮೇಲೆ ಈ ಸಲ ಟೈಪ್ ಮಾಡುವ ಗೋಜಿಗೇ ಹೋಗದೆ ಆಪ್‌ನಲ್ಲೇ ಗುಂಡಿ ಒತ್ತಿದೆ. ಎಕ್ಸಿಟ್ 62ರಲ್ಲಿ ಇಳಿದ ತಕ್ಷಣ ಮಗಳು ಫೋನ್ ಕಿತ್ತುಕೊಂಡಳು. ಕಾರಿನ ಬಾಗಿಲು ತೆಗೆದರೆ ಗಾಳಿ ಬಾಗಿಲನ್ನೇ ಎಳೆಯುತ್ತಿತ್ತು. ಹೆದ್ದಾರಿಯ ಲಾರಿಗಳ ಸದ್ದು ಬಿಟ್ಟರೆ ಒಂದು ಹಕ್ಕಿ, ಹಳದಿ ಎದೆಯದು, ತಂತಿ ಮೇಲೆ ಕೂತು ಕೊಳಲು ಊದಿದ ಹಾಗೆ ಕೂಗುತ್ತಿತ್ತು.

ಎಲ್ಲಿ, ಹೇಗೆ ಅಂತ ಹೇಳಲ್ಲ, ನಿರ್ವಾಹಕರು ಬೈತಾರೆ. ನಾನು ಬೂಟಿನಿಂದ ಹುಲ್ಲು ಸರಿಸುತ್ತಾ ತಪ್ಪು ಕಡೆ ನಿಂತಿದ್ದೆ, ಅವಳು ಆಗಲೇ ಮೊಣಕಾಲೂರಿ ಕೂತು 'ಅಪ್ಪಾ' ಅಂದಳು. ನಾಲ್ಕೇ ನಿಮಿಷ.

ಪುಸ್ತಕದ ಅಂಚು ಒದ್ದೆಯಾಗಿ ಒಣಗಿ ಹಪ್ಪಳದ ಹಾಗೆ ಸೊಟ್ಟಗಾಗಿದೆ. ಪುಟದ ತುಂಬ ಹೆಸರು. ಒಬ್ಬರು ಜರ್ಮನಿಯಿಂದ ಬಂದವರು ಜರ್ಮನ್‌ನಲ್ಲೇ ಬರೆದಿದ್ದಾರೆ. ಕೈ ನಡುಗುವ ಅಕ್ಷರದಲ್ಲಿ ಇನ್ನೊಬ್ಬರು, ನಮ್ಮ ತಾಯಿ ಇಲ್ಲೇ ಹತ್ತಿರದ ಶಾಲೆಯಲ್ಲಿ ಓದಿದ್ದು, ಇವತ್ತು ಅವರ ಹುಟ್ಟುಹಬ್ಬ ಅಂತ ಬರೆದಿದ್ದರು. ಅದನ್ನು ಓದಿ ನಮ್ಮವಳು ಕಾರಿನಿಂದ ಇಳಿದು ಬಂದು ಸುತ್ತ ನೋಡಿದಳು, ಶಾಲೆ ಎಲ್ಲಿದ್ದಿರಬಹುದು ಅಂತ. ಸ್ವಲ್ಪ ಹೊತ್ತು ಮೂರು ಜನವೂ ಅದನ್ನೇ ನೋಡುತ್ತಾ ನಿಂತೆವು. ಗೊತ್ತಾಗಲಿಲ್ಲ.

ಮಗಳು ಹೆಸರನ್ನು ಕನ್ನಡದಲ್ಲಿ ಬರೆದಳು. ದಕ್ಕೆ ಒತ್ತು ಕೊಡುವುದು ಮರೆತಿದ್ದಾಳೆ, ಇರಲಿ. ಒಂದು ರಬ್ಬರ್ ಡೈನೋಸಾರ್ ತಗೊಂಡಳು. ಬದಲಿಗೆ ಏನಿಟ್ಟಳು ಅಂತ ನಾನು ನೋಡಲಿಲ್ಲ. ಕೋಲ್ಬಿ ದಾಟಿದ ಮೇಲೆ ಹೇಳಿದಳು: ಅಜ್ಜಿ ಕೊಟ್ಟಿದ್ದ ಚೌಕಾಬಾರದ ಒಂದು ಕವಡೆ. ಈಗ ಮನೆಯಲ್ಲಿ ಮೂರೇ ಉಳಿದಿವೆ.

ಸೀಮಕ್ಕ_ಸಿಯಾಟಲ್

ಶಭಾಷ್ ಪುಟ್ಟಿ! ಬರಿಗೈ ದಿನದ ಲಾಗ್ ಕೂಡ ವೆಬ್‌ಸೈಟಿನಲ್ಲಿ ಹಾಕಿ ಅಣ್ಣ, ಗ್ರಿನೆಲ್ ಕಥೆ ಸಮೇತ.

ಹಗೇವು

ಆ ಹಕ್ಕಿ ಮೆಡೋಲಾರ್ಕ್. ಕ್ಯಾನ್ಸಸ್‌ನ ರಾಜ್ಯ ಪಕ್ಷಿ.

ತರ್ಲೆ_ತಿಮ್ಮ

ಕವಡೆ ಹೋಯ್ತು ಅಂತ ತಲೆ ಕೆಡಿಸ್ಕೋಬೇಡಿ. ನಾಲ್ಕು ಹುಣಸೆ ಬೀಜ ತಗೊಂಡು ಒಂದು ಕಡೆ ಕಲ್ಲಿನ ಮೇಲೆ ಬಿಳಿ ಬರುವ ತನಕ ತೇಯಿರಿ. ನಾವೆಲ್ಲ ಅದರಲ್ಲೇ ಆಡಿದ್ದು.

ದಾವಣಗೆರೆ_ಟು_ಡೆನ್ವರ್

@ತರ್ಲೆ_ತಿಮ್ಮ ಇಲ್ಲಿ ಸಿಗೋದು ಬೀಜ ತೆಗೆದ ಹುಣಸೆಹಣ್ಣು ಅಣ್ಣಾ.

ಬೆಳಗಾವಿ_ಕುಂದಾ

ಬೀಜ ತೆಗೆದದ್ದು ಅಂತ ಬರೆದಿರುತ್ತೆ, ಒಳಗೆ ನಾಲ್ಕಾದರೂ ಇರ್ತಾವ. ಹುಡುಕಿ. ಹುಡುಕೋದು ಈಗ ನಿಮಗೆ ರೂಢಿ ಆಗ್ಯದಲ್ಲ.

ಕುಡ್ಲದ_ಬಂಗುಡೆ

ನಾಲ್ಕೂ ಬಿಳಿ ಬಿದ್ದರೆ ಎಂಟು ಅಲ್ವಾ?

ತರ್ಲೆ_ತಿಮ್ಮ

ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ಚೌಕ. ನಾಲ್ಕೂ ಕವುಚಿ ಬಿದ್ದರೆ ಎಂಟು, ಬಾರ. ಇಷ್ಟೂ ಗೊತ್ತಿಲ್ಲದೆ ನನ್ನನ್ನು ಮಗಲ್ ಅಂತೀಯಾ?